ಗಾಯ ಮಾಯ್ದ ಮೇಲೆ

(ಅಂತಿಮ ಬಿ.ಎ. ವಿದ್ಯಾರ್ಥಿಯೊಬ್ಬನಿಂದ)

ಇತಿಹಾಸ, ಅರ್ಥಶಾಸ್ತ್ರ, ಕನ್ನಡ ಈ ಮೂರನ್ನು ಐಚ್ಛಿಕವಾಗಿ ಓದುತ್ತಿರುವವನು ಚರ್ಮದ ವಿಷಯವಾಗಿ ಬರೆಯಹೊರಟಿರುವುದನ್ನು ಕಂಡು ವಾಚಕರು ನಗಬಹುದು. ನಗುವುದಕ್ಕೆ ಅವರಿಗೆ ಹಕ್ಕುಂಟು. ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರದ ಪ್ರಯೋಗಶಾಲೆಯೇ ಇಲ್ಲ. ಸೂಕ್ಷ್ಮದರ್ಶಕಕ್ಕೆ ನಾನು ಕಣ್ಣಿಟ್ಟುದು ಹೈಸ್ಕೂಲಿನಲ್ಲಿ ಒಂದೇ ಒಂದು ಸಲ, ಅದೂ ಈರುಳ್ಳಿಯ ಸಿಪ್ಪೆಯನ್ನು ನೋಡಲು. ಆದರೂ ಈ ವಿಷಯ ಎರಡು ವರ್ಷಗಳಿಂದ ನನ್ನನ್ನು ಬಿಡದೆ ಕಾಡಿದೆ. ಅದಕ್ಕೆ ಕಾರಣ ನನ್ನ ಅಕ್ಕನ ಎಡಗಿವಿ.

ಅಕ್ಕ ತನ್ನ ಹದಿನೇಳನೆಯ ವಯಸ್ಸಿನಲ್ಲಿ ಊರ ಜಾತ್ರೆಯಲ್ಲಿ ಕಿವಿಯ ಹಾಲೆಗೆ ಎರಡನೆಯ ತೂತು ಹಾಕಿಸಿಕೊಂಡಳು. ಗಾಯ ಬೇಗನೆ ಮಾಯಿತು. ಮೂರು ತಿಂಗಳು ಕಳೆದ ಮೇಲೆ ತೂತಿನ ಹಿಂಬದಿಯಲ್ಲಿ ಮೆಣಸಿನ ಕಾಳಿನಷ್ಟು ಗಂಟು ಕಾಣಿಸಿತು. ನವೆಯೋ ನವೆ. ವರ್ಷ ತುಂಬುವುದರೊಳಗೆ ಅದು ಕಡಲೆಕಾಳಾಯಿತು, ಆಮೇಲೆ ಹುಣಿಸೆ ಬೀಜವಾಯಿತು. ಪಟ್ಟಣದ ವೈದ್ಯರೊಬ್ಬರು ‘ಏನೂ ಇಲ್ಲ, ಕತ್ತರಿಸಿದರಾಯಿತು’ ಎಂದು ಹೇಳಿ, ಕತ್ತರಿಸಿ, ಹೊಲಿಗೆ ಹಾಕಿ ಕಳುಹಿಸಿದರು. ಎಂಟು ತಿಂಗಳಲ್ಲಿ ಅದು ಹಿಂದಿರುಗಿತು, ಈ ಸಲ ನೆಲ್ಲಿಕಾಯಿಯ ಗಾತ್ರದಲ್ಲಿ. ಓಣಿಯವರು ಬಾಯಿಗೆ ಬಂದುದನ್ನು ಆಡಿದರು. ನಾಗನ ದೋಷವೆಂದರು ಕೆಲವರು, ಕ್ಯಾನ್ಸರೆಂದರು ಕೆಲವರು. ಹೆಣ್ಣು ನೋಡಲು ಬಂದವರ ಪೈಕಿ ಹಿರಿಯ ಹೆಂಗಸೊಬ್ಬರು ಅಕ್ಕನ ಜಡೆಯನ್ನು ಪಕ್ಕಕ್ಕೆ ಸರಿಸಿ ನೋಡಿ, ‘ಇದು ಅಂಟ್ಕೊಳ್ಳೋ ಅಂಥದ್ದೇನವ್ವ?’ ಎಂದು ನಮ್ಮ ಅವ್ವನನ್ನು ಕೇಳಿದರು. ಅವ್ವ ಉತ್ತರ ಕೊಡಲಿಲ್ಲ. ಅಕ್ಕ ಒಳಕ್ಕೆ ಹೋದಳು.

ಅವರು ಹೊರಟುಹೋದ ಮೇಲೆ ಅಪ್ಪ ನನ್ನನ್ನು ಕರೆದು, ‘ನೀನು ಓದಿದೋನು ಕಣಪ್ಪ, ಇದೇನು ಅಂತ ಹೇಳು’ ಎಂದರು. ನಮ್ಮ ವಂಶದಲ್ಲಿ ಹತ್ತನೆಯ ತರಗತಿಯನ್ನು ದಾಟಿದವನು ನಾನೇ ಮೊದಲಿಗ. ಓದಿದವನೆಂದರೆ ಎಲ್ಲವನ್ನೂ ಓದಿದವನೆಂದು ಅಪ್ಪನ ನಂಬಿಕೆ. ಪಾಣಿಪತ್ತಿನ ಮೂರು ಯುದ್ಧಗಳ ಇಸವಿಗಳು ನನಗೆ ಬಾಯಿಪಾಠವಾಗಿದ್ದುವು. ಅಕ್ಕನ ಕಿವಿಯ ಗಂಟಿಗೆ ಹೆಸರೇನೆಂಬುದು ಗೊತ್ತಿರಲಿಲ್ಲ. ಅಂದು ಕೊಡಲಾಗದೆ ಹೋದ ಉತ್ತರವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಚರ್ಮದ ಮಾತು. ಇದಕ್ಕೆ ಮುಖ್ಯವಾಗಿ ಎರಡು ಪದರಗಳುಂಟು. ಹೊರಚರ್ಮವು ಬಹುಪಾಲು ಕಡೆಗಳಲ್ಲಿ ಕಾಗದದ ಹಾಳೆಯಷ್ಟೇ ತೆಳುವು. ಅದರಲ್ಲಿ ರಕ್ತನಾಳಗಳಿಲ್ಲ, ಕೋಶಗಳು ಇಟ್ಟಿಗೆ ಜೋಡಿಸಿದಂತೆ ಒತ್ತಾಗಿ ಕುಳಿತಿರುತ್ತವೆ. ಅದರ ಕೆಳಗಿನದು ಒಳಚರ್ಮ. ಇದರ ದಪ್ಪ ಜಾಗಕ್ಕೆ ತಕ್ಕಂತೆ 1ರಿಂದ 4 ಮಿಲಿಮೀಟರ್. ರಕ್ತನಾಳ, ನರ, ಬೆವರಿನ ಗ್ರಂಥಿ, ಕೂದಲಿನ ಬುಡ ಎಲ್ಲವೂ ಇರುವುದು ಇಲ್ಲಿಯೇ. ಮುಳ್ಳು ಗೀರಿ ಹೊರಚರ್ಮ ಮಾತ್ರ ತರಚಿದರೆ ನಾಲ್ಕಾರು ದಿನಗಳಲ್ಲಿ ಅದು ಮೊದಲಿನಂತಾಗುತ್ತದೆ, ಗುರುತು ಕೂಡ ಉಳಿಯುವುದಿಲ್ಲ. ಏಟು ಒಳಚರ್ಮವನ್ನು ಮುಟ್ಟಿತೆಂದರೆ ಮಾತ್ರ ಕಲೆ ನಿಲ್ಲುತ್ತದೆ. ನಮ್ಮ ಅಜ್ಜಿಯ ಮುಂಗೈಯ ಹಚ್ಚೆ ಎಪ್ಪತ್ತು ವರ್ಷಗಳಾದರೂ ಅಳಿಸದೆ ಇರುವುದಕ್ಕೂ ಇದೇ ಕಾರಣ. ಸೂಜಿ ಬಣ್ಣವನ್ನು ಒಯ್ದು ಇಟ್ಟಿರುವುದು ಒಳಚರ್ಮದಲ್ಲಿ.

ಒಳಚರ್ಮದಲ್ಲಿ ಕೋಶಗಳಿಗಿಂತ ಕೋಶಗಳ ನಡುವಣ ವಸ್ತುವೇ ಹೆಚ್ಚು. ಇಂತಹ ರಚನೆಗೆ ಸಂಯೋಜಕ ಅಂಗಾಂಶವೆಂದು ಹೆಸರು. ಸ್ನಾಯುವನ್ನು ಎಲುಬಿಗೆ ಕಟ್ಟುವ ರಜ್ಜು, ಕೀಲುಗಳನ್ನು ಬಿಗಿದಿಡುವ ಪಟ್ಟಿ, ಮೂಗಿನ ತುದಿಯ ಮೃದ್ವಸ್ಥಿ, ಅಷ್ಟೇ ಏಕೆ, ಎಲುಬು ಕೂಡ ಇದೇ ಕುಲಕ್ಕೆ ಸೇರಿದ್ದು. ಇವೆಲ್ಲಕ್ಕೂ ಆಧಾರವಾದ ನಾರು ಒಂದೇ. ಅದರ ಹೆಸರು ಕೊಲಾಜನ್. ಗ್ರೀಕ್ ಭಾಷೆಯಲ್ಲಿ ಈ ಮಾತಿಗೆ ‘ಅಂಟನ್ನು ಹುಟ್ಟಿಸುವುದು’ ಎಂದು ಅರ್ಥ. ದನದ ಚರ್ಮ, ಮೂಳೆಗಳನ್ನು ಬೇಯಿಸಿ ಬಡಗಿಗಳು ಮಾಡಿಕೊಳ್ಳುತ್ತಿದ್ದ ಅಂಟು ಈ ನಾರಿನಿಂದಲೇ ಬರುವಂಥದು. ನೀರಿನಂಶವನ್ನು ತೆಗೆದು ತೂಗಿದರೆ ಒಳಚರ್ಮದ ಸುಮಾರು ಮುಕ್ಕಾಲು ಪಾಲು ಕೊಲಾಜನ್ನೇ. ಕಾಲಿನ ಚಪ್ಪಲಿಯೂ ಬೇರೇನಲ್ಲ, ಹದಮಾಡಿದ ಕೊಲಾಜನ್.

ಈ ನಾರಿನ ಒಳರಚನೆಯನ್ನು ಕಂಡುಹಿಡಿದ ಕೀರ್ತಿಯಲ್ಲಿ ದೊಡ್ಡ ಪಾಲು ನಮ್ಮ ದೇಶಕ್ಕೆ ಸಲ್ಲಬೇಕು. ಜಿ. ಎನ್. ರಾಮಚಂದ್ರನ್ ಅವರು 1922ರಲ್ಲಿ ಎರ್ನಾಕುಲಂನಲ್ಲಿ ಹುಟ್ಟಿದವರು. ವಿದ್ಯುತ್ ಎಂಜಿನಿಯರಿಂಗ್ ಕಲಿಯಲೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ಸಿ. ವಿ. ರಾಮನ್ ಅವರ ಕಣ್ಣಿಗೆ ಬಿದ್ದು ಭೌತಶಾಸ್ತ್ರಕ್ಕೆ ತಿರುಗಿದರು. ಮುಂದೆ ಮದರಾಸು ವಿಶ್ವವಿದ್ಯಾನಿಲಯದಲ್ಲಿದ್ದಾಗ ಗೋಪೀನಾಥ ಕರ್ತಾ ಅವರೊಡನೆ ಕಾಂಗರೂ ಬಾಲದ ರಜ್ಜುವಿನ ಮೂಲಕ ಎಕ್ಸ್‌ಕಿರಣಗಳನ್ನು ಹಾಯಿಸಿ, ಮೂಡಿದ ಚುಕ್ಕೆಗಳಿಂದ ಲೆಕ್ಕ ಹಾಕಿ, 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕೊಲಾಜನ್ನಿನದು ಮೂರೆಳೆಯ ರಚನೆಯೆಂದು ಪ್ರಕಟಿಸಿದರು; ಮರುವರ್ಷವೇ ಅದನ್ನು ತಿದ್ದಿ, ಮೂರೂ ಎಳೆಗಳು ಒಂದರ ಸುತ್ತ ಒಂದು ಹೊಸೆದುಕೊಂಡಿವೆ ಎಂದು ತೋರಿಸಿದರು. 1971ರಲ್ಲಿ ಅವರು ಮತ್ತೆ ಬೆಂಗಳೂರಿಗೆ ಬಂದು ಅದೇ ಸಂಸ್ಥೆಯಲ್ಲಿ ಅಣುಜೀವಭೌತ ವಿಭಾಗವನ್ನು ಕಟ್ಟಿದರು. 2001ರಲ್ಲಿ ತೀರಿಕೊಂಡರು.

ಈ ಹೊಸೆತದ ವಿಷಯವನ್ನು ಓದಿದಾಗ ನನಗೆ ಆದ ಸಂತೋಷವನ್ನು ಹೇಳಲೇಬೇಕು. ನನ್ನ ತಂದೆ ತೆಂಗಿನ ನಾರಿನ ಹಗ್ಗ ಹೊಸೆಯುವ ಕೂಲಿ. ತಿಪಟೂರು ಸೀಮೆಯವರಿಗೆ ಈ ಕೆಲಸ ಹೊಸದಲ್ಲ. ಒಂದೊಂದು ಎಳೆಯನ್ನೂ ಒಂದು ದಿಕ್ಕಿಗೆ ಹುರಿಗೊಳಿಸಿ, ಆಮೇಲೆ ಮೂರು ಎಳೆಗಳನ್ನು ಸೇರಿಸಿ ಎದುರು ದಿಕ್ಕಿಗೆ ಹೊಸೆಯುತ್ತಾರೆ; ಹಾಗೆ ಮಾಡಿದರೆ ಹಗ್ಗ ಬಿಚ್ಚಿಕೊಳ್ಳುವುದಿಲ್ಲ. ಕೊಲಾಜನ್ ಅಣುವಿನಲ್ಲಿಯೂ ಹಾಗೆಯೇ. ಒಂದೊಂದು ಎಳೆ ಎಡಸುತ್ತಿನದು, ಮೂರೂ ಕೂಡಿದ ಹುರಿ ಬಲಸುತ್ತಿನದು! ಪ್ರತಿಯೊಂದು ಎಳೆಯಲ್ಲಿಯೂ ಮೂರಕ್ಕೊಂದರಂತೆ ಗ್ಲೈಸೀನ್ ಎಂಬ ಅತ್ಯಂತ ಚಿಕ್ಕ ಅಮೈನೋ ಆಮ್ಲ ಬರುತ್ತದೆ. ಹುರಿಯ ನಡುವೆ ಇಕ್ಕಟ್ಟು ಎಷ್ಟೆಂದರೆ ಅದಕ್ಕಿಂತ ದೊಡ್ಡದು ಅಲ್ಲಿ ಹಿಡಿಸುವುದೇ ಇಲ್ಲ.

ಈ ನಾರನ್ನು ತಯಾರಿಸುವ ಕೂಲಿಗಳು ಒಳಚರ್ಮದಲ್ಲಿ ಅಲ್ಲಲ್ಲಿ ಚದರಿರುವ ಫೈಬ್ರೊಬ್ಲಾಸ್ಟ್ ಕೋಶಗಳು. ನಾರುಗೋಶಗಳು ಎಂದು ಕರೆಯೋಣ. ಸಾಮಾನ್ಯ ಕಾಲದಲ್ಲಿ ಇವು ಸೋಮಾರಿಗಳಂತೆ ಬಿದ್ದಿರುತ್ತವೆ. ಗಾಯವಾಯಿತೆಂದರೆ ಇವುಗಳ ಹಬ್ಬ.

ಗಾಯವಾದಾಗ ಮೊದಲ ಕೆಲಸ ರಕ್ತವನ್ನು ನಿಲ್ಲಿಸುವುದು. ಪ್ಲೇಟ್‌ಲೆಟ್‌ಗಳೆಂಬ ಕಿರುಕಣಗಳು ಒಡೆದ ನಾಳದ ಬಾಯಿಗೆ ಗುಂಪುಗಟ್ಟುತ್ತವೆ. ಫೈಬ್ರಿನ್ ಎಂಬ ಜಾಲ ಅವುಗಳ ಮೇಲೆ ಹರಡಿ ಹೆಪ್ಪುಗಟ್ಟುತ್ತದೆ. ಒಣಗಿದ ಮೇಲೆ ಅದೇ ಹಕ್ಕಳೆ. ಈ ಕಣಗಳು ಸುಮ್ಮನೆ ಬಿರಡೆಯಂತೆ ಕೂರುವುದಿಲ್ಲ. ಊರಿಗೆಲ್ಲ ಡಂಗುರ ಸಾರುವಂತೆ ಕೆಲವು ರಾಸಾಯನಿಕಗಳನ್ನು ಹೊರಬಿಡುತ್ತವೆ. ಡಂಗುರ ಕೇಳಿ ಬಿಳಿಯ ರಕ್ತಕೋಶಗಳು ಓಡಿಬರುತ್ತವೆ. ಮೊದಲ ಒಂದೆರಡು ದಿನ ಬರುವವು ರೋಗಾಣುಗಳನ್ನು ಕೊಲ್ಲುವ ದಂಡು. ಕೀವು ಎಂಬುದು ಬಹುಮಟ್ಟಿಗೆ ಈ ದಂಡಿನ ಹೆಣಗಳ ರಾಶಿ. ಮೂರನೆಯ ದಿನದ ಹೊತ್ತಿಗೆ ಭಕ್ಷಕ ಕೋಶಗಳು ಬಂದು ಕಸವನ್ನು ನುಂಗಿ ಜಾಗವನ್ನು ಚೊಕ್ಕಟ ಮಾಡುತ್ತವೆ.

ಭಕ್ಷಕ ಕೋಶಗಳನ್ನು ಮೊದಲು ಗುರುತಿಸಿದವನು ರಷ್ಯದ ಮೆಚ್ನಿಕಾಫ್. 1882ರಲ್ಲಿ ಸಿಸಿಲಿಯ ಮೆಸ್ಸೀನದಲ್ಲಿ, ಮನೆಯವರೆಲ್ಲ ಸರ್ಕಸ್ಸು ನೋಡಲು ಹೋಗಿದ್ದಾಗ, ಗಾಜಿನಂತೆ ಪಾರದರ್ಶಕವಾದ ನಕ್ಷತ್ರಮೀನಿನ ಮರಿಯನ್ನು ಒಬ್ಬನೇ ನೋಡುತ್ತ ಕುಳಿತಿದ್ದನಂತೆ. ಏನೋ ಹೊಳೆದು ತೋಟದಿಂದ ಗುಲಾಬಿಯ ಮುಳ್ಳನ್ನು ತಂದು ಅದಕ್ಕೆ ಚುಚ್ಚಿದನು. ರಾತ್ರಿಯೆಲ್ಲ ನಿದ್ರೆಯಿಲ್ಲ. ಬೆಳಿಗ್ಗೆ ನೋಡಿದರೆ ಮುಳ್ಳಿನ ಸುತ್ತ ಓಡಾಡುವ ಕೋಶಗಳು ಮುತ್ತಿಕೊಂಡಿದ್ದುವು. ಆ ಮುಳ್ಳು ಅವನಿಗೆ 1908ರ ನೊಬೆಲ್ ಬಹುಮಾನದಲ್ಲಿ ಪಾಲು ತಂದಿತು. ಕಾಲಿಗೆ ಜಾಲಿ ಮುಳ್ಳು ಚುಚ್ಚಿಸಿಕೊಂಡು ಬೆಳೆದ ನಮಗೆ ಮಾತ್ರ ಇಂಥದ್ದೇನೂ ಹೊಳೆಯಲಿಲ್ಲ!

ಭಕ್ಷಕ ಕೋಶಗಳು ಕಸ ಗುಡಿಸುವುದರ ಜೊತೆಗೆ ಮೇಸ್ತ್ರಿಯ ಕೆಲಸವನ್ನೂ ಮಾಡುತ್ತವೆ. ಇವು ಸೂಸುವ ಬೆಳವಣಿಗೆಯ ಪದಾರ್ಥಗಳಿಂದ ನಾರುಗೋಶಗಳು ಎಚ್ಚೆತ್ತು, ಇಬ್ಭಾಗವಾಗಿ ಇಬ್ಭಾಗವಾಗಿ ಹೆಚ್ಚಿಕೊಂಡು ಗಾಯದ ಗುಂಡಿಗೆ ಇಳಿಯುತ್ತವೆ. ಹೊಸ ರಕ್ತನಾಳಗಳು ಚಿಗುರುತ್ತವೆ. ಗಾಯದ ತಳದಲ್ಲಿ ಹರಳು ಹರಳಾಗಿ ಕಾಣುವ ಕೆಂಪು ಮಾಂಸ ಇದೇ. ‘ಹೊಸ ಮಾಂಸ ಬರ್ತಾ ಇದೆ, ಇನ್ನು ಭಯ ಇಲ್ಲ’ ಎಂದು ಹಿರಿಯರು ಹೇಳುವುದು ಇದನ್ನು ಕಂಡೇ. ನಾರುಗೋಶಗಳಲ್ಲಿ ಕೆಲವು ವೇಷ ಬದಲಿಸಿ, ಸ್ನಾಯುವಿನಂತೆ ಸಂಕುಚಿಸುವ ಶಕ್ತಿಯನ್ನು ಪಡೆದು ಗಾಯದ ಅಂಚುಗಳನ್ನು ಒಳಕ್ಕೆ ಎಳೆಯುತ್ತವೆ. ಗಾಬ್ಬಿಯಾನಿ ಮತ್ತು ಸಂಗಡಿಗರು 1971ರಲ್ಲಿ ಇವುಗಳನ್ನು ವರ್ಣಿಸಿದರು. ದೊಡ್ಡ ಗಾಯ ದಿನೇ ದಿನೇ ಕಿರಿದಾಗುವುದು ಈ ಎಳೆತದಿಂದ.

ಮೊದಲು ಹಾಕುವ ನಾರು ತೆಳುವಾದ ಮೂರನೆಯ ಬಗೆಯ ಕೊಲಾಜನ್. ತುರ್ತಿಗೆ ಸಿಕ್ಕಿದ ಹುರಿಯಿಂದ ಕಟ್ಟಿದ ಕಟ್ಟು ಎಂದುಕೊಳ್ಳಿ. ಮುಂದಿನ ತಿಂಗಳುಗಳಲ್ಲಿ ಇದನ್ನು ಕಿತ್ತು, ಗಟ್ಟಿಯಾದ ಒಂದನೆಯ ಬಗೆಯದನ್ನು ಹಾಕುವ ಕೆಲಸ ನಡೆಯುತ್ತದೆ. ಇದಕ್ಕೆ ಒಂದು ವರ್ಷವೂ ಹಿಡಿಯಬಹುದು, ಎರಡೂ ಹಿಡಿಯಬಹುದು. ಆದುದರಿಂದಲೇ ಹೊಸ ಕಲೆ ಕೆಂಪಗೆ, ಗಡುಸಾಗಿದ್ದು ಕಾಲಕ್ರಮದಲ್ಲಿ ಬೆಳ್ಳಗೆ, ಮೆತ್ತಗೆ ಆಗುವುದು. ಗಾಯವಾಗಿ ಒಂದು ವಾರಕ್ಕೆ ಅಲ್ಲಿನ ಚರ್ಮಕ್ಕೆ ಮೊದಲಿನ ಬಲದಲ್ಲಿ ನೂರಕ್ಕೆ 3ರಷ್ಟು ಮಾತ್ರ ಇರುತ್ತದೆ. ಮೂರು ತಿಂಗಳಿಗೆ 80ರ ಹತ್ತಿರ ಬಂದು ಅಲ್ಲಿಯೇ ನಿಲ್ಲುತ್ತದೆ. ಪೂರಾ ನೂರು ಎಂದಿಗೂ ಬರುವುದಿಲ್ಲ. ಸಹಜವಾದ ಒಳಚರ್ಮದಲ್ಲಿ ನಾರುಗಳು ಬುಟ್ಟಿ ಹೆಣೆದಂತೆ ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ. ಕಲೆಯಲ್ಲಿ ಅವು ಸೋಗೆ ಹಾಸಿದಂತೆ ಒಂದೇ ದಿಕ್ಕಿಗೆ ಮಲಗುತ್ತವೆ. ಕೂದಲಿನ ಬುಡಗಳೂ ಬೆವರಿನ ಗ್ರಂಥಿಗಳೂ ಅಲ್ಲಿ ಮತ್ತೆ ಹುಟ್ಟುವುದಿಲ್ಲ. ತಾಯ ಗರ್ಭದಲ್ಲಿರುವ ಎಳೆಯ ಭ್ರೂಣಕ್ಕೆ ಗಾಯವಾದರೆ ಕಲೆಯೇ ಇಲ್ಲದೆ ಮಾಯುತ್ತದೆ. ಹುಟ್ಟುವ ಮೊದಲೇ ಆ ಕುಶಲತೆಯನ್ನು ನಾವು ಕಳೆದುಕೊಂಡಿರುತ್ತೇವೆ.

ಮಾಯ್ದ ಕಲೆ ಸತ್ತ ವಸ್ತುವೆಂದು ನಾನು ತಿಳಿದಿದ್ದೆ. ಅದು ತಪ್ಪು ಎಂದು ನನಗೆ ತೋರಿಸಿದ್ದು, ವಿಚಿತ್ರವೆಂದರೆ, ನನ್ನ ಇತಿಹಾಸ ವಿಷಯವೇ. ಇಂಗ್ಲಿಷ್ ನೌಕಾಧಿಕಾರಿ ಆನ್ಸನ್ 1740ರಿಂದ 1744ರವರೆಗೆ ಭೂಪ್ರದಕ್ಷಿಣೆ ಮಾಡಿದನು. ಆ ಪ್ರಯಾಣದ ವೃತ್ತಾಂತದಲ್ಲಿ ಒಬ್ಬ ಮುದುಕನ ಪ್ರಸ್ತಾಪ ಬರುತ್ತದೆ. ಅವನು 1690ರ ಬಾಯ್ನ್ ಕದನದಲ್ಲಿ ಗಾಯಗೊಂಡು ಗುಣಹೊಂದಿದವನು. ಐವತ್ತು ವರ್ಷಗಳ ಬಳಿಕ ಹಡಗಿನಲ್ಲಿ ಸ್ಕರ್ವಿ ರೋಗ ಹಿಡಿದಾಗ ಆ ಹಳೆಯ ಗಾಯಗಳು, ಎಂದೂ ಮಾಯ್ದೇ ಇರಲಿಲ್ಲವೆಂಬಂತೆ, ಮತ್ತೆ ಬಾಯಿಬಿಟ್ಟುವು. ಕೂಡಿಕೊಂಡಿದ್ದ ಎಲುಬು ಕೂಡ ಬಿಟ್ಟುಕೊಂಡಿತು. ಇದರ ಮರ್ಮ ತಿಳಿದದ್ದು ಬಹು ತಡವಾಗಿ. ಕೊಲಾಜನ್ನಿನ ಮೂರೆಳೆಯ ಹುರಿ ಮೈಬಿಸಿಯಲ್ಲಿ ಬಿಚ್ಚದೆ ನಿಲ್ಲಬೇಕಾದರೆ ‘ಸಿ’ ಜೀವಸತ್ವ ಬೇಕು. ಹಸಿ ತರಕಾರಿ, ಹಣ್ಣುಗಳಿಲ್ಲದ ಹಡಗಿನಲ್ಲಿ ಅದು ದೊರೆಯದು. ಹಳೆಯ ನಾರು ಸವೆಯುತ್ತಲೇ ಇರುತ್ತದೆ, ಹೊಸದು ಬರುವುದಿಲ್ಲ, ಕಲೆ ಬಿರಿಯುತ್ತದೆ. ಎಂದರೆ, ನಮ್ಮ ಮೊಣಕಾಲಿನ ಮೇಲಿರುವ ಬಾಲ್ಯದ ಕಲೆಯಲ್ಲಿ ಇಂದಿಗೂ ಕಿತ್ತು ಕಟ್ಟುವ ಕೆಲಸ ನಡೆಯುತ್ತಲೇ ಇದೆ.

ಹಾಗಾದರೆ ಕಲೆ ಉಬ್ಬುವುದೇಕೆ? ನಾರು ಹಾಕುವುದಕ್ಕೂ ಕೀಳುವುದಕ್ಕೂ ಇರಬೇಕಾದ ತೂಕ ತಪ್ಪಿದಾಗ. ಹಾಕುವುದು ಹೆಚ್ಚಾಗಿ ಕೀಳುವುದು ಕಡಮೆಯಾದರೆ ನಾರು ರಾಶಿಬೀಳುತ್ತದೆ. ಅಪ್ಪನಿಗೆ ಈ ಮಾತನ್ನು ವಿವರಿಸಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ನಾರು ಕಡಮೆ ಆದ್ರೆ ಹಗ್ಗ ಕಿತ್ತೋಗುತ್ತೆ, ಜಾಸ್ತಿ ಆದ್ರೆ ರಾಟೆಗೆ ಹೋಗಲ್ಲ. ಇಷ್ಟೇ ತಾನೆ?’ ಎಂದರು. ಇಷ್ಟೇ.

ಉಬ್ಬು ಕಲೆಗಳಲ್ಲಿ ಎರಡು ಜಾತಿ. ಇವೆರಡನ್ನೂ ಬೇರೆ ಬೇರೆಯಾಗಿ ತಿಳಿಯುವುದು ಬಹಳ ಮುಖ್ಯ. ಏಕೆಂದರೆ ಅವುಗಳ ನಡತೆ ಬೇರೆ. ಮೊದಲನೆಯದು ಗಾಯದ ಎಲ್ಲೆಯನ್ನು ಮೀರುವುದಿಲ್ಲ. ಗಾಯವಾದ ಒಂದೆರಡು ತಿಂಗಳಲ್ಲಿ ಉಬ್ಬಿ, ಕೆಂಪಾಗಿ, ಕೆಲವು ತಿಂಗಳು ಬೆಳೆದು, ಆಮೇಲೆ ಒಂದೆರಡು ವರ್ಷಗಳಲ್ಲಿ ತಾನಾಗಿಯೇ ತಗ್ಗುತ್ತದೆ. ಸುಟ್ಟ ಗಾಯಗಳಲ್ಲಿ, ಅದರಲ್ಲಿಯೂ ಮಾಯುವುದಕ್ಕೆ ಮೂರು ವಾರಕ್ಕಿಂತ ಹೆಚ್ಚು ಹಿಡಿದವುಗಳಲ್ಲಿ, ಇದು ಸಾಮಾನ್ಯ. ಕೀಲಿನ ಮೇಲೆ ಬಂದರೆ ಮಾತ್ರ ಅಪಾಯ; ಸಂಕುಚಿಸುವ ಕೋಶಗಳು ಎಳೆದೂ ಎಳೆದೂ ಮೊಣಕೈ ಮಡಿಸಿದಂತೆಯೇ ನಿಂತುಬಿಡಬಹುದು. ಕಾಮಾಲೆಯೆಂದೋ ಹೊಟ್ಟೆನೋವೆಂದೋ ಎಳೆಮಕ್ಕಳಿಗೆ ಕಾಯಿಸಿದ ಕಬ್ಬಿಣದಿಂದ ಬರೆ ಹಾಕುವ ಪದ್ಧತಿ ನಮ್ಮ ಹಳ್ಳಿಗಳಲ್ಲಿ ಉಂಟಲ್ಲ, ಅದು ಒಳಚರ್ಮದವರೆಗೆ ಸುಡುವ ಗಾಯ. ಕಾಮಾಲೆ ಇರುವುದು ರಕ್ತದಲ್ಲಿ. ಹೊಟ್ಟೆಯ ಮೇಲಿನ ತೊಗಲನ್ನು ಸುಟ್ಟರೆ ಅದಕ್ಕೇನಾದೀತು? ಮಗುವಿಗೆ ಉಳಿಯುವುದು ಜೀವಮಾನದ ಕಲೆ ಮಾತ್ರ. ಈ ವಿಷಯದಲ್ಲಿ ನನ್ನ ಮಾತು ಕಟುವಾಗಿದ್ದರೆ ಕ್ಷಮೆ ಕೋರುವುದಿಲ್ಲ. ನನ್ನ ಹೊಟ್ಟೆಯ ಮೇಲೂ ಅಂಥವು ಎರಡು ಇವೆ.

ಎರಡನೆಯ ಜಾತಿಯೇ ಕೀಲಾಯ್ಡ್. ಅಕ್ಕನಿಗೆ ಬಂದದ್ದು ಇದು. ಗಾಯದ ಎಲ್ಲೆಯನ್ನು ದಾಟಿ ಸುತ್ತಲಿನ ಒಳ್ಳೆಯ ಚರ್ಮಕ್ಕೂ ಕಾಲು ಚಾಚುವುದು ಇದರ ಗುಣ. ಗಾಯ ಮಾಯ್ದು ತಿಂಗಳುಗಳಾದ ಮೇಲೆ, ಕೆಲವೊಮ್ಮೆ ವರ್ಷಗಳಾದ ಮೇಲೆ ಹುಟ್ಟುತ್ತದೆ, ತಾನಾಗಿ ಇಳಿಯುವುದಿಲ್ಲ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗಾಜಿನಂತೆ ಹೊಳೆಯುವ ದಪ್ಪ ದಪ್ಪ ಕೊಲಾಜನ್ ಪಟ್ಟೆಗಳು ಅಡ್ಡಾದಿಡ್ಡಿ ಬಿದ್ದಿರುತ್ತವೆಯಂತೆ. ಸಾಧಾರಣ ಚರ್ಮಕ್ಕೆ ಹೋಲಿಸಿದರೆ ಇಲ್ಲಿ ಕೊಲಾಜನ್ ತಯಾರಾಗುವುದು ಸುಮಾರು 20 ಪಟ್ಟು. ಕೆಲಸ ಮುಗಿದ ಮೇಲೆ ಸಾಯಬೇಕಾದ ನಾರುಗೋಶಗಳು ಸಾಯದೆ ದುಡಿಯುತ್ತಲೇ ಇರುತ್ತವೆ. ಕೆಲಸ ಮುಗಿಯಿತೆಂದು ಅವುಗಳಿಗೆ ಹೇಳುವವರಿಲ್ಲ.

ಪ್ಯಾರಿಸಿನ ಸಂತ ಲೂಯಿ ಆಸ್ಪತ್ರೆಯ ಆಲಿಬೇರ್ ಎಂಬ ವೈದ್ಯನು 1806ರಲ್ಲಿ ಇದನ್ನು ವರ್ಣಿಸಿ, ಮೊದಲು ಕ್ಯಾನ್ಸರಿನ ಹೆಸರನ್ನೇ ಹೋಲುವ ಹೆಸರೊಂದನ್ನು ಕೊಟ್ಟನು. ಜನ ಇದನ್ನು ಕ್ಯಾನ್ಸರೆಂದೇ ತಿಳಿದಾರೆಂದು ಆಮೇಲೆ ಆ ಹೆಸರನ್ನು ಕೈಬಿಟ್ಟು, ಏಡಿಯ ಕೊಂಡಿ ಎಂಬರ್ಥದ ಗ್ರೀಕ್ ಮಾತಿನಿಂದ ಈಗಿನ ಹೆಸರನ್ನು ಕಟ್ಟಿದನು. ಇನ್ನೂರು ವರ್ಷಗಳ ಹಿಂದೆ ಆ ವೈದ್ಯನು ನಿವಾರಿಸಬಯಸಿದ ಭಯವೇ ನಮ್ಮ ಓಣಿಯಲ್ಲಿ ಇಂದಿಗೂ ಓಡಾಡುತ್ತಿದೆ. ಇದು ಕ್ಯಾನ್ಸರಲ್ಲ, ದೇಹದ ಬೇರೆ ಅಂಗಗಳಿಗೆ ಹರಡುವುದಿಲ್ಲ. ಅಂಟುರೋಗವೂ ಅಲ್ಲ. ಇದರಲ್ಲಿ ರೋಗಾಣುವೇ ಇಲ್ಲವಾದ ಮೇಲೆ ಒಬ್ಬರಿಂದ ಒಬ್ಬರಿಗೆ ದಾಟಲು ಏನಿದೆ? ಆ ಹಿರಿಯ ಹೆಂಗಸಿಗೆ ಅಂದೇ ಹೇಳಬೇಕಾಗಿದ್ದ ಮಾತು ಇದು.

ಇದು ಯಾರಿಗೆ ಬರುತ್ತದೆ? ಕಪ್ಪು ಮೈಬಣ್ಣದವರಲ್ಲಿ ಹೆಚ್ಚು. ಹತ್ತರಿಂದ ಮೂವತ್ತು ವರ್ಷದೊಳಗಿನವರಲ್ಲಿ ಹೆಚ್ಚು. ಮನೆತನದಲ್ಲಿ ಹರಿದುಬರುವುದುಂಟು. ಜಪಾನಿನ ಸಂಶೋಧಕರು 2010ರಲ್ಲಿ ಇದಕ್ಕೆ ಸಂಬಂಧಪಟ್ಟ ಮೂರು ವರ್ಣತಂತು ಪ್ರದೇಶಗಳನ್ನು ಗುರುತಿಸಿದರು. ಇದನ್ನು ಓದಿದ ದಿನ ಮನೆಗೆ ಹೋದವನೇ ಅವ್ವನ ಬಲಭುಜವನ್ನು ನೋಡಿದೆ. ಅಲ್ಲಿ ಏಡಿಯಾಕಾರದ ಒಂದು ಉಬ್ಬು ಇದೆ. ಹುಟ್ಟುಮಚ್ಚೆಯೆಂದೇ ನಾವೆಲ್ಲ ತಿಳಿದಿದ್ದೆವು. ಕೇಳಿದರೆ, ಮದುವೆಗೆ ಮುಂಚೆ ಸೌದೆ ಹೊರುವಾಗ ಗೀರಿದ್ದು ಎಂದಳು. ‘ಹಂಗಾದ್ರೆ ನನ್ನಿಂದಲೇ ಬಂತೇನೋ ಅವಳಿಗೆ?’ ಎಂದಳು ಅವ್ವ. ಹೌದೆನ್ನಲೂ ಬಾಯಿ ಬರಲಿಲ್ಲ, ಅಲ್ಲವೆನ್ನಲೂ ಬಾಯಿ ಬರಲಿಲ್ಲ. ಬಣ್ಣ, ಮೂಗು, ಕಣ್ಣು ಬಂದ ಹಾಗೆಯೇ ಇದೂ ಎಂದೆ.

ದೇಹದಲ್ಲಿ ಎಲ್ಲ ಕಡೆಯೂ ಇದು ಸಮನಾಗಿ ಬರುವುದಿಲ್ಲ. ಎದೆಯ ನಡುವೆ, ಭುಜ, ಬೆನ್ನಿನ ಮೇಲ್ಭಾಗ, ದವಡೆ, ಕಿವಿಯ ಹಾಲೆ ಇವು ಇದರ ನೆಚ್ಚಿನ ಠಾವುಗಳು. ಕ್ಷಯಕ್ಕೆ ವಿರುದ್ಧವಾಗಿ ಎಡತೋಳಿಗೆ ಹಾಕುವ ಬಿಸಿಜಿ ಲಸಿಕೆಯ ಗುರುತು ಕೆಲವರಲ್ಲಿ ಉಬ್ಬುವುದೂ ಹೀಗೆಯೇ. ಅಂಗೈ, ಅಂಗಾಲು, ಕಣ್ಣಿನ ರೆಪ್ಪೆಗಳಲ್ಲಿ ಬರುವುದು ತೀರ ಅಪರೂಪ. ಇದಕ್ಕೆ ಒಂದು ಕಾರಣ ಚರ್ಮದ ಎಳೆತ. ವಿಯೆನ್ನದ ಅಂಗರಚನಾಶಾಸ್ತ್ರಜ್ಞ ಲಾಂಗರ್ 1861ರಲ್ಲಿ ಶವಗಳ ಚರ್ಮಕ್ಕೆ ದುಂಡನೆಯ ದಬ್ಬಳದಿಂದ ಚುಚ್ಚಿ ನೋಡಿದನು. ತೂತು ದುಂಡಗಾಗದೆ ಸೀಳಿನಂತೆ ಉದ್ದವಾಯಿತು! ಆ ಸೀಳುಗಳನ್ನು ಕೂಡಿಸಿದರೆ ಮೈಮೇಲೆಲ್ಲ ಎಳೆತದ ಗೆರೆಗಳ ನಕ್ಷೆಯೇ ಮೂಡುತ್ತದೆ. ಶಸ್ತ್ರವೈದ್ಯರು ಕೊಯ್ಯುವಾಗ ಆದಷ್ಟು ಇಂತಹ ಗೆರೆಗಳ ಜೊತೆಯಲ್ಲಿಯೇ ಕೊಯ್ಯುತ್ತಾರೆ, ಅಡ್ಡಲಾಗಿ ಕೊಯ್ಯುವುದಿಲ್ಲ. ಎದೆ ಭುಜಗಳ ಚರ್ಮ ಸದಾ ಎಳೆದಾಟದಲ್ಲಿರುವಂಥದು, ನಾರುಗೋಶಗಳಿಗೆ ಎಳೆತವೇ ದುಡಿಯುವ ಅಪ್ಪಣೆ. ಆದರೆ ಕಿವಿಯ ಹಾಲೆಯಲ್ಲಿ ಎಳೆತವೆಲ್ಲಿ ಬಂತು? ಆದುದರಿಂದ ಎಳೆತವೊಂದೇ ಕಾರಣವಲ್ಲ. ವಂಶ, ವಯಸ್ಸು, ಗಾಯದಲ್ಲಿ ಬಹುಕಾಲ ನಿಂತ ಕೀವು ಉರಿಗಳೂ ಕೂಡಿಕೊಳ್ಳುತ್ತವೆ.

ನಮ್ಮ ಹಿಂದಿನವರು ಇದನ್ನೆಲ್ಲ ಗಮನಿಸದೆ ಇರಲಿಲ್ಲ. ಸುಶ್ರುತಸಂಹಿತೆಯಲ್ಲಿ ವ್ರಣಕ್ಕೆ ಅರವತ್ತು ಉಪಕ್ರಮಗಳನ್ನು ಹೇಳಿದೆ. ಅವುಗಳಲ್ಲಿ ತಗ್ಗಾದ ಗಾಯವನ್ನು ಎತ್ತರಿಸುವ ಉತ್ಸಾದನ, ಉಬ್ಬಿದ ಮಾಂಸವನ್ನು ತಗ್ಗಿಸುವ ಅವಸಾದನ, ಬೆಳ್ಳಗಾದ ಕಲೆಗೆ ಬಣ್ಣ ತರುವ ಕೃಷ್ಣಕರ್ಮ, ಕೂದಲು ಬರಿಸುವ ರೋಮಸಂಜನನ ಸೇರಿವೆ. ಗಾಯ ಮಾಯುವುದಕ್ಕೇ ವೈದ್ಯನ ಕೆಲಸ ಮುಗಿಯುವುದಿಲ್ಲವೆಂದು ಅವರು ತಿಳಿದಿದ್ದರು. ಅದೇ ಗ್ರಂಥ ಮಗುವಿಗೆ ಆರನೆಯ ಅಥವಾ ಏಳನೆಯ ತಿಂಗಳಲ್ಲಿ ಕಿವಿ ಚುಚ್ಚಬೇಕೆಂದು ಹೇಳುತ್ತದೆ. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಪ್ರಕಾರ, ಕೀಲಾಯ್ಡಿನ ಗುಣವಿರುವವರ ಪೈಕಿ ಹನ್ನೊಂದು ತುಂಬುವ ಮೊದಲೇ ಕಿವಿ ಚುಚ್ಚಿಸಿಕೊಂಡವರಿಗಿಂತ ಆಮೇಲೆ ಚುಚ್ಚಿಸಿಕೊಂಡವರಲ್ಲಿಯೇ ಗಂಟು ಹೆಚ್ಚು. ಅಕ್ಕನ ವಿಷಯವೂ ಹೀಗೆಯೇ: ಹಸುಗೂಸಾಗಿದ್ದಾಗ ಹಾಕಿದ ಮೊದಲ ತೂತು ಸ್ವಸ್ಥವಾಗಿದೆ, ಹದಿನೇಳರಲ್ಲಿ ಹಾಕಿಸಿದ್ದು ಕೆಟ್ಟಿತು.

ಇನ್ನು ಚಿಕಿತ್ಸೆ. ಬರಿದೆ ಕತ್ತರಿಸಿದರೆ ಕೀಲಾಯ್ಡ್ ಹೋಗುವುದಿಲ್ಲ. ನೂರಕ್ಕೆ 45ರಿಂದ 100 ಮಂದಿಯಲ್ಲಿ ಮರಳಿ ಬರುತ್ತದೆಂದು ವೈದ್ಯಗ್ರಂಥಗಳು ಹೇಳುತ್ತವೆ. ಕತ್ತರಿಸುವುದೆಂದರೆ ಅದೂ ಒಂದು ಗಾಯವೇ ಅಲ್ಲವೆ? ‘ಗಾಯದ ಮೇಲೆ ಬರೆ’ ಎಂಬ ಗಾದೆಗೆ ಇದಕ್ಕಿಂತ ನೇರವಾದ ಉದಾಹರಣೆ ಸಿಕ್ಕಲಾರದು. ಈಗ ಸಾಮಾನ್ಯವಾಗಿ ಮೊದಲು ಮಾಡುವುದು, ಗಂಟಿನೊಳಕ್ಕೇ ಟ್ರಯಾಮ್‌ಸಿನೊಲೋನ್ ಎಂಬ ಸ್ಟೀರಾಯ್ಡ್ ಮದ್ದನ್ನು ನಾಲ್ಕರಿಂದ ಆರು ವಾರಗಳಿಗೊಮ್ಮೆ ಚುಚ್ಚುವುದು. ಅದು ನಾರುಗೋಶಗಳ ದುಡಿತವನ್ನು ತಗ್ಗಿಸುತ್ತದೆ. ಗಂಟು ಗಡುಸಾಗಿರುವುದರಿಂದ ಮದ್ದು ಒಳಹೋಗುವಾಗ ನೋವು ವಿಪರೀತ. ಸುತ್ತಲಿನ ಚರ್ಮ ತೆಳುವಾಗಿ ಬಣ್ಣ ಕುಂದುವುದೂ ಉಂಟು. ತಿಂಗಳುಗಟ್ಟಲೆ ಸಿಲಿಕೋನ್ ಹಾಳೆಯನ್ನು ಅಂಟಿಸಿಡುವುದು, ಒತ್ತುವ ಓಲೆ ಹಾಕುವುದು, ಅತಿ ಶೀತದಿಂದ ಕೊರೆಯುವುದು ಇವೂ ಇವೆ. ಕತ್ತರಿಸಲೇಬೇಕಾದರೆ ಅದರ ಹಿಂದೆಯೇ ಚುಚ್ಚುಮದ್ದನ್ನೋ ವಿಕಿರಣವನ್ನೋ ಕೊಡುತ್ತಾರೆ. ಈ ಒಂದು ಮಾತನ್ನು ಮೊದಲ ಸಲವೇ ಯಾರಾದರೂ ನಮಗೆ ಹೇಳಿದ್ದರೆ ಅಕ್ಕನ ಹುಣಿಸೆ ಬೀಜ ನೆಲ್ಲಿಕಾಯಿಯಾಗುತ್ತಿರಲಿಲ್ಲ.

ಕಳೆದ ಶ್ರಾವಣದಿಂದ ಅಕ್ಕನನ್ನು ತಿಂಗಳಿಗೊಮ್ಮೆ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೇನೆ. ಐದು ಸಲ ಚುಚ್ಚಿಸಿಕೊಂಡಿದ್ದಾಳೆ. ಮೊದಲ ಸಲ ನನ್ನ ಕೈಯನ್ನು ಉಗುರಿನ ಗುರುತು ಮೂಡುವಂತೆ ಹಿಡಿದಿದ್ದಳು. ನವೆ ಎರಡನೆಯ ತಿಂಗಳಲ್ಲೇ ನಿಂತಿತು. ಗಂಟು ಅರ್ಧಕ್ಕಿಂತ ಕಡಮೆಯಾಗಿ ಮೆತ್ತಗಾಗಿದೆ. ಪೂರ್ತಿ ಹೋಗುವುದೆಂದು ವೈದ್ಯರೂ ಹೇಳಿಲ್ಲ, ನಾವೂ ಕೇಳಿಲ್ಲ.

ಈ ನಡುವೆ ಹದಿನೈದು ವರ್ಷದ ನನ್ನ ತಂಗಿ ಮೂಗು ಚುಚ್ಚಿಸಿಕೊಳ್ಳಬೇಕೆಂದು ಹಟ ಹಿಡಿದಿದ್ದಾಳೆ. ಅವಳ ಗೆಳತಿಯರಿಗೆಲ್ಲ ಮೂಗುಬಟ್ಟು ಇದೆಯಂತೆ. ಅವ್ವನ ಭುಜ, ಅಕ್ಕನ ಕಿವಿ, ವರ್ಣತಂತು ಎಲ್ಲವನ್ನೂ ಅವಳಿಗೆ ವಿವರಿಸಿ, ಈಗ ಬೇಡವೆಂದೆ. ‘ಹಾಗಾದ್ರೆ ಎಷ್ಟು ವರ್ಷ ಕಾಯ್ಬೇಕು, ಅದನ್ನ ಹೇಳು’ ಎಂದಳು. ನಾನು ಓದಿದ ಯಾವ ಪುಸ್ತಕದಲ್ಲಿಯೂ ಅಂತಹ ಲೆಕ್ಕವಿಲ್ಲ. ಅವಳು ನನ್ನೊಡನೆ ಮಾತು ಬಿಟ್ಟು ಇಂದಿಗೆ ಒಂಬತ್ತು ದಿನ.